ಶಿರಹಟ್ಟಿ ತಾಲೂಕಿನ ಅರಿವಳಿಕೆ

ನನ್ನ ಸಿಟ್ಟು ಮೂಗಿನ ತುದಿಯಲ್ಲಿದೆ ಎಂದು ನಮ್ಮ ಆಸ್ಪತ್ರೆಯ ಆಯಾ ಬಂದವರಿಗೆಲ್ಲ ಹೇಳುತ್ತಿದ್ದಳು. ಸುಳ್ಳೇನಲ್ಲ. ಕೆಲಸ ನಡೆಯುವಾಗ ಯಾರಾದರೂ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೆಂದೇ ಗದಗಿನ ನನ್ನ ಸಣ್ಣ ಆಸ್ಪತ್ರೆಯ ಒಳಕೋಣೆಯಲ್ಲಿ ‘ಮಾತು ಬೇಡ’ ಎಂದು ಬೋರ್ಡು ಹಾಕಿಸಿದ್ದೆ. ಆಯಾಗೆ ಓದಲು ಚೆನ್ನಾಗಿ ಬರುತ್ತಿತ್ತು. ಆದರೂ ಆ ಬೋರ್ಡಿಗೆ ಬೆನ್ನು ಮಾಡಿ ಕೂತು ದಿನವಿಡೀ ಮಾತಾಡುತ್ತಿದ್ದಳು.

ಗದಗ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದ ಹೊಸತು. ಕಚೇರಿಗಳ ಹೆಸರಿನ ಹಲಗೆಗಳ ಬಣ್ಣ ಇನ್ನೂ ಮಾಸಿರಲಿಲ್ಲ. ಅದೇ ಹುರುಪಿನಲ್ಲಿ ನಾನೂ ಒಂದು ಹೊಸ ಯಂತ್ರ ತರಿಸಿದ್ದೆ. ಗರ್ಭಕೋಶದೊಳಗೆ ಇಣುಕಿ ನೋಡುವ ದುರ್ಬೀನು. ಬರೆಯುವ ಪೆನ್ಸಿಲ್ಲಿಗಿಂತ ತೆಳು, ತುದಿಯಲ್ಲಿ ಓರೆಯಾಗಿ ನೋಡುವ ಮಸೂರ, ಪಕ್ಕದಲ್ಲಿ ಕಡ್ಡಿಯಂಥ ಕತ್ತರಿಯನ್ನು ತೂರಿಸಲು ಒಂದು ಕಿಂಡಿ. ಹೊಟ್ಟೆ ಕೊಯ್ಯುವಂತಿಲ್ಲ, ಹೊಲಿಗೆ ಇಲ್ಲ, ಎಚ್ಚರ ತಪ್ಪಿಸುವುದೂ ಬೇಕಿಲ್ಲ. ಸಲಾಯಿನ್ ನೀರು ಸಣ್ಣಗೆ ಹರಿಯುತ್ತ ದಾರಿ ಬಿಡಿಸುತ್ತದೆ, ಅದರ ಹಿಂದೆ ದುರ್ಬೀನು ಹೋಗುತ್ತದೆ, ಒಳಗಿನದೆಲ್ಲ ಟೀವಿಯ ಮೇಲೆ ಕಾಣುತ್ತದೆ. ಮಕ್ಕಳಾಗಿಲ್ಲವೆಂದು ಬಂದ ಹೆಂಗಸು ಬೆಳಿಗ್ಗೆ ಬಂದು, ಪರೀಕ್ಷೆ ಮಾಡಿಸಿಕೊಂಡು, ಚಹಾ ಕುಡಿದು, ಸಂಜೆ ಬಸ್ಸಿಗೆ ಊರು ಸೇರಬಹುದು.

ಇಡೀ ಕೆಲಸದಲ್ಲಿ ಕಷ್ಟದ ಜಾಗ ಒಂದೇ. ಗರ್ಭಕೋಶದ ಒಳಬಾಯಿ. ಅಲ್ಲಿ ದಾರಿ ಕಿರಿದು, ಅಡ್ಡಕ್ಕೆ ಚಪ್ಪಟೆ. ನಮ್ಮ ದುರ್ಬೀನಿನ ಕೊಳವೆಯೂ ಪೂರ್ತಿ ದುಂಡಗಿಲ್ಲ, ಮೊಟ್ಟೆಯಾಕಾರ. ಅಲ್ಲಿಗೆ ಬಂದಾಗ ಅದನ್ನು ಕಾಲು ಸುತ್ತು ತಿರುಗಿಸಿ ಚಪ್ಪಟೆಗೆ ಚಪ್ಪಟೆ ಹೊಂದಿಸಿದರೆ ಒಳಗೆ ಜಾರುತ್ತದೆ. ಆ ಒಂದು ಗಳಿಗೆಯಲ್ಲಿ ಹೆಂಗಸು ಹೆದರಿ ಮೈ ಬಿಗಿದರೆ ಮುಗಿಯಿತು. ಕಿಬ್ಬೊಟ್ಟೆ ಹಿಂಡಿದಂತೆ ನೋಯುತ್ತದೆ, ಆಕೆ ಸೊಂಟ ಎತ್ತುತ್ತಾಳೆ, ಟೀವಿಯ ತುಂಬ ಬರೀ ಕೆಂಪು ಕಾಣುತ್ತದೆ.

ನೋವು ಕಡಿಮೆ ಮಾಡಲು ನನಗೆ ಗೊತ್ತಿದ್ದದ್ದನ್ನೆಲ್ಲ ಮಾಡುತ್ತಿದ್ದೆ. ಒಂದು ತಾಸು ಮೊದಲೇ ನೋವಿನ ಗುಳಿಗೆ. ಒಳಗೆ ಇಕ್ಕಳ ಹಾಕಿ ಹಿಡಿಯುವುದಿಲ್ಲ. ತಣ್ಣನೆಯ ನೀರು ಹೋದರೆ ಹೊಟ್ಟೆ ಹಿಡಿಯುತ್ತದೆಂದು ಸಲಾಯಿನ್ ಬಾಟಲಿಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಡುತ್ತಿದ್ದೆವು. ಬಿಸಿ ನೋಡುವುದು ಆಯಾಳ ಕೆಲಸ. ಬಾಟಲಿಯನ್ನು ಕೆನ್ನೆಗೆ ಒತ್ತಿಕೊಂಡು, “ಕೂಸಿನ ಮೈಗೆ ಹಾಕೋ ನೀರಿನಂಗ ಆತ್ರಿ” ಎಂದರೆ ತಯಾರು ಎಂದರ್ಥ.

ಆಕೆಯ ಇನ್ನೊಂದು ಕೆಲಸ, ನಾನು ಹೇಳದೆ ಆಕೆಯೇ ಹಚ್ಚಿಕೊಂಡದ್ದು, ಅಡಿಗೆ ಕೇಳುವುದು. ಮೇಜಿನ ತಲೆಯ ಕಡೆ ಸ್ಟೂಲು ಹಾಕಿಕೊಂಡು ಕೂತು ಹೆಂಗಸಿನ ಕೈ ಹಿಡಿದು, “ನಿಮ್ಮೂರ ಕಡೆ ಮಾದಲಿ ಹೆಂಗ ಮಾಡ್ತೀರಿ ಯವ್ವಾ?” ಎಂದು ಶುರು ಮಾಡುವಳು. ಮೊದಲು ನಾನು ಗದರಿಸಿದೆ. ಆಮೇಲೆ ನೋಡಿದರೆ, ಆಕೆ ರಜೆಯಲ್ಲಿದ್ದ ದಿನ ಮೂವರು ಹೆಂಗಸರು ಒಳಬಾಯಿಯ ಹತ್ತಿರ ಚೀರಿದರು. ಆಕೆ ಇದ್ದ ದಿನ ಒಬ್ಬರೂ ಇಲ್ಲ. ನಾನು ಬೋರ್ಡನ್ನು ತೆಗೆಯಲಿಲ್ಲ, ಆದರೆ ಗದರಿಸುವುದನ್ನು ಬಿಟ್ಟೆ. ಮಾದಲಿಗೆ ನಾಲ್ಕು ನಿಮಿಷ, ಶೇಂಗಾ ಹೋಳಿಗೆಗೆ ಆರು ನಿಮಿಷ ಎಂಬ ಲೆಕ್ಕ ನನ್ನ ತಲೆಯಲ್ಲೂ ಕೂತಿತು. ಮುಂಡರಗಿಯ ಒಬ್ಬಾಕೆ ಗುರೆಳ್ಳು ಹಿಂಡಿ ಕುಟ್ಟುವುದನ್ನು ಎಷ್ಟು ವಿವರವಾಗಿ ಹೇಳುತ್ತಿದ್ದಳೆಂದರೆ, ನನ್ನ ಕೆಲಸ ಮುಗಿದು ಕೈಗವಸು ತೆಗೆದರೂ ಆಕೆ ಮೇಜಿನಿಂದ ಇಳಿಯಲಿಲ್ಲ. ಇನ್ನೂ ಬೆಳ್ಳುಳ್ಳಿ ಹಾಕುವುದು ಬಾಕಿ ಇತ್ತು.

ಈ ಜಂಬದಲ್ಲಿ ನಾವಿಬ್ಬರೂ ಇದ್ದಾಗ ಲಕ್ಷ್ಮೇಶ್ವರದ ಬಳೆಗಾರ್ತಿ ಬಂದಳು.

ಗಂಡ ಹೆಂಡತಿ ಇಬ್ಬರೂ ಲಕ್ಷ್ಮೇಶ್ವರದ ಪೇಟೆಯಲ್ಲಿ ಬಳೆ ಅಂಗಡಿ ಇಟ್ಟಿದ್ದ ಮುಸಲ್ಮಾನರು. ಗಂಡ ಮಾಲು ತರುವುದು, ಹೆಂಡತಿ ಗಿರಾಕಿಗಳ ಕೈಗೆ ಬಳೆ ಇಡುವುದು. ಮದುವೆಯಾಗಿ ಎಂಟು ವರ್ಷ, ಮಕ್ಕಳಿರಲಿಲ್ಲ. ಗಂಡನ ಪರೀಕ್ಷೆ ಸರಿ ಇತ್ತು. ಹೆಂಡತಿಯ ಸ್ಕ್ಯಾನಿಂಗಿನಲ್ಲಿ ಗರ್ಭಕೋಶದೊಳಗೆ ಒಣದ್ರಾಕ್ಷಿಯಷ್ಟು ದೊಡ್ಡ ಮಾಂಸದ ಗಂಟು ಕಂಡಿತು. ನಾವು ಪಾಲಿಪ್ ಎನ್ನುತ್ತೇವೆ. ಕೂಸು ಬಂದು ಕೂಡುವ ಜಾಗದಲ್ಲೇ ಅದು ಕೂತಿತ್ತು. ದುರ್ಬೀನು ಹಾಕಿ, ಬುಡದಲ್ಲಿ ಕತ್ತರಿಸಿ, ಹಿಡಿದು ಎಳೆದರೆ ಬರುವಂಥದ್ದು.

ಬೇರೆ ಹೆಂಗಸಾಗಿದ್ದರೆ, ಹೆದರಿಕೆ ಇದ್ದರೆ ಎಚ್ಚರ ತಪ್ಪಿಸಿಯೇ ಮಾಡೋಣ ಎನ್ನುತ್ತಿದ್ದೆ. ಈಕೆಗೆ ಅದೂ ಆಗುವಂತಿರಲಿಲ್ಲ. ಸಣ್ಣವಳಿದ್ದಾಗ ಮಾಳಿಗೆಯಿಂದ ಬಿದ್ದು ದವಡೆಯ ಕೀಲು ಕೂತುಬಿಟ್ಟಿತ್ತು. ನನಗೆ ಅರಿವಳಿಕೆ ಕೊಡಲು ಬರುತ್ತಿದ್ದ ವೈದ್ಯರು ಸ್ಕೂಟರ್ ನಿಲ್ಲಿಸಿ ಬಂದು, ಆಕೆಯ ಬಾಯಿ ತೆರೆಸಿ, ಹಲ್ಲುಗಳ ನಡುವೆ ತಮ್ಮ ಬೆರಳು ಇಟ್ಟು ನೋಡಿದರು. ಒಂದು ಬೆರಳು ಹೋಯಿತು, ಎರಡನೆಯದು ಹೋಗಲಿಲ್ಲ.

“ಉಸಿರು ನಿಂತ್ರ ಇವರ ಗಂಟಲೊಳಗ ನಳಿಗಿ ಹಾಕಾಕ ನನಗ ದಾರಿ ಇಲ್ಲ. ಐದು ಮಿನಿಟಿನ ಕೆಲಸಕ್ಕ ಇಂಥಾ ಧೈರ್ಯ ನಾ ಮಾಡಂಗಿಲ್ರಿ” ಎಂದು ಅವರು ಚಹಾ ಕೂಡ ಕುಡಿಯದೆ ಹೋದರು.

ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸುವ ಮಾತನ್ನೇ ಆಕೆ ಕೇಳಲು ತಯಾರಿರಲಿಲ್ಲ. ಬೇರೊಂದು ಊರಿನಲ್ಲಿ ಆಗಲೇ ಅದನ್ನು ಪ್ರಯತ್ನಿಸಿ, ನಾಲ್ಕು ಕಡೆ ಚುಚ್ಚಿ, ಆಗದೆ, ಬಲವಂತವಾಗಿ ಮಲಗಿಸಿ ಹಿಡಿದುಕೊಂಡು ಪರೀಕ್ಷೆ ಮಾಡಲು ನೋಡಿದ್ದರಂತೆ. ಆಕೆ ಒದ್ದು ಎದ್ದು ಬಂದಿದ್ದಳು.

“ನೋಡ್ರಿ ಬಾಯಾರ,” ಎಂದಳು. ಹೆಣ್ಣು ಡಾಕ್ಟರನ್ನು ನಮ್ಮ ಕಡೆ ಕರೆಯುವುದೇ ಹಾಗೆ. ಬಾಯಿ ಹೆಚ್ಚು ತೆರೆಯದಿದ್ದರೂ ಮಾತು ಖಡಕ್ಕಾಗಿ ಬರುತ್ತಿತ್ತು. “ಎಚ್ಚರಿದ್ದಾಗ ಮಾಡ್ತೀನಂತೀರಿ, ಮಾಡ್ರಿ. ಆದ್ರ ಇದ ಕಡೀದು. ನೋವಾತಂದ್ರ ನಾ ಎದ್ದ ಹೋಗ್ತೀನಿ. ಆಮ್ಯಾಲ ಯಾರ ಕೈಯಾಗೂ ನನ್ನ ಮೈ ಕೊಡಂಗಿಲ್ಲ. ಮಕ್ಕಳು ಬ್ಯಾಡ ಅಂತ ಕುಂಡ್ರತೀನಿ.”

ಗಂಡ ನೆಲ ನೋಡುತ್ತ ನಿಂತಿದ್ದ. ಅಂಗಡಿಗೆ ಬರುವ ಪ್ರತಿ ಬಸುರಿಗೆ ಹಸಿರು ಬಳೆ ಇಡುವವಳು ಈಕೆಯೇ ಎಂಬುದು ಆ ಹೊತ್ತಿಗೆ ನನಗೆ ಹೊಳೆಯಿತು. ಆದರೂ ಆಯಾಳ ಕಡೆ ನೋಡಿ ಧೈರ್ಯ ತಂದುಕೊಂಡೆ. ನಮ್ಮ ಹತ್ತಿರ ಮಾದಲಿ ಇತ್ತು, ಹೋಳಿಗೆ ಇತ್ತು.

ಮುಟ್ಟು ನಿಂತ ಏಳನೇ ದಿನ ಆಕೆ ಬಂದಳು. ಗುಳಿಗೆ ಕೊಟ್ಟೆವು, ಬಾಟಲಿ ಬಿಸಿ ಮಾಡಿದೆವು, ಟೀವಿ ಹಚ್ಚಿದೆವು. ಆಯಾ ಸ್ಟೂಲಿನ ಮೇಲೆ ಕೂತು, ಆಕೆಯ ಕೈ ಹಿಡಿದು, ದನಿಯನ್ನು ಬೆಲ್ಲ ಮಾಡಿಕೊಂಡು ಶುರು ಮಾಡಿದಳು.

“ಅಲ್ಲ ತಂಗಿ, ನಿಮ್ಮ ಮಂದ್ಯಾಗ ಹಬ್ಬಕ್ಕ ಸುರಕುಂಬಾ ಮಾಡ್ತಾರಲ್ಲ, ಅದಕ್ಕ ಶ್ಯಾವಗಿ ಮೊದಲ ಹುರೀತೀರೋ, ಹಾಲ ಮೊದಲ ಕಾಸ್ತೀರೋ?”

ದುರ್ಬೀನು ಇನ್ನೂ ಹೊರಗಿನ ದಾರಿಯಲ್ಲಿತ್ತು. ಟೀವಿಯಲ್ಲಿ ಎಲ್ಲ ಸರಿಯಾಗಿ ಕಾಣುತ್ತಿತ್ತು. ಇದ್ದಕ್ಕಿದ್ದಂತೆ ಆಕೆಯ ತೊಡೆ ಕಲ್ಲಾಯಿತು, ಚಿತ್ರ ಕೆಂಪಾಯಿತು.

“ಬಂತು!” ಎಂದು ಕೂಗಿದಳು. “ಈಗ ಒತ್ತತಾರ! ತಗೀರಿ, ತಗೀರಿ!”

“ನಾ ಇನ್ನೂ ಏನೂ ಮಾಡಿಲ್ರಿ,” ಎಂದೆ.

“ಮಾಡವ್ರಿದ್ರಿ! ಆಯಾ ಸಿಹಿ ಮಾತು ತಗದ್ಲು ಅಂದಮ್ಯಾಲ ನೀವು ಒತ್ತವ್ರ. ಇದು ನನ್ನ ಧಂಧೆರೀ ಬಾಯಾರ! ಹದಿನಾರು ವರ್ಷ ಆತು, ಮಂದಿನ್ನ ಮಾತಿಗೆ ಹಚ್ಚಿ ಬಳಿ ಏರಸಾಕ ಹತ್ತೀನಿ. ನನಗ ಮಾತಿಗೆ ಹಚ್ಚತೀರೇನು?”

ಎದ್ದು ಕೂತಳು. ಬುರ್ಖಾ ಹಾಕಿಕೊಂಡಳು. ಹೋಗುವಾಗ ಬಾಗಿಲಲ್ಲಿ ನಿಂತು ಆಯಾಗೆ, “ಶ್ಯಾವಗಿ ಮೊದಲ ಹುರೀಬೇಕು, ತುಪ್ಪದಾಗ” ಎಂದು ಹೇಳಿ ಹೋದಳು.

ಆಯಾ ಎರಡು ದಿನ ಯಾರಿಗೂ ಅಡಿಗೆ ಕೇಳಲಿಲ್ಲ. ಬೆಟಗೇರಿಯ ನೇಕಾರರ ಓಣಿಯವಳು, ಗಂಡನ ಮಗ್ಗದ ಸಪ್ಪಳದ ಮೇಲೆ ದನಿ ಏರಿಸಿ ಮಾತಾಡಿ ಬೆಳೆದ ಬಾಯಿ ಅದು. ಸುಮ್ಮನಾದಾಗ ಆಸ್ಪತ್ರೆಯೇ ಕಾಯಿಲೆ ಬಿದ್ದಂತಿತ್ತು. ನಾನು ಎಲ್ಲೆಲ್ಲಿಯೋ ಫೋನು ಹಚ್ಚಿದೆ. ಬಾಯಿ ತೆರೆಯದವರಿಗೆ ಮೂಗಿನಿಂದ ನಳಿಗೆ ಹಾಕುವ ಅನುಕೂಲ ದೊಡ್ಡ ಊರಿನಲ್ಲಿತ್ತು, ಆದರೆ ದೊಡ್ಡ ಊರೆಂದರೆ ಬಳೆಗಾರ್ತಿ ಬರುವುದಿಲ್ಲ. ಗಂಡ ಟೆಲಿಫೋನ್ ಬೂತಿನಿಂದ ಮಾತಾಡಿದ. “ಆಕಿ ಆ ಸುದ್ದಿ ತಗೀಬ್ಯಾಡ ಅಂದಾಳ್ರಿ ಮೇಡಂ. ತೊಟ್ಲಾ ಅಟ್ಟದ ಮ್ಯಾಲಿಂದ ಇಳಿಸಿ ತನ್ನ ತಂಗಿಗೆ ಕೊಟ್ಟಬಿಟ್ಲು” ಎಂದ. ಅವನ ಹಿಂದೆ ಬಸ್ಸುಗಳ ಸದ್ದು ಕೇಳುತ್ತಿತ್ತು.

ತೊಟ್ಟಿಲಿನ ಮಾತು ಕೇಳಿ ನನಗೆ ಆ ರಾತ್ರಿ ಊಟ ಸೇರಲಿಲ್ಲ. ಒಣದ್ರಾಕ್ಷಿಯಷ್ಟು ಗಂಟು. ಯಂತ್ರ ಇದೆ, ಕೈ ಇದೆ, ಗಂಟು ಎಲ್ಲಿದೆ ಎಂದೂ ಗೊತ್ತಿದೆ. ನಡುವೆ ಒಂದು ಬೆರಳಿನಷ್ಟು ದಾರಿ ಬಿಡಿಸಲು ಬರುತ್ತಿಲ್ಲ.

ಮರುದಿನ ಆಯಾ ಬಾಯಿ ಬಿಟ್ಟಳು. “ಬಾಯಾರ, ಮಂಗಳವಾರ ಪೇಷಂಟ್ ಕಡಿಮಿ. ಲಕ್ಷ್ಮೇಶ್ವರಕ್ಕ ಹೋಗಿ ಬಳಿ ಇಡಸ್ಕೊಂಡು ಬರೋಣು.”

“ನಾ ಬಳಿ ಹಾಕಂಗಿಲ್ಲ ಅಂತ ಗೊತ್ತಿಲ್ಲೇನು? ದಿನಕ್ಕ ಹತ್ತ ಸಲ ಕೈ ತೊಳೀತೀನಿ.”

“ಆಕಿ ಹೆಂಗ ಇಡತಾಳ ನೋಡೋಣು ಅಂದೆ. ನಾವು ಸೋತದ್ದು ಆಕಿ ಧಂಧೇದಾಗ ಅಲ್ಲೇನ್ರಿ?”

ಇಷ್ಟು ವರ್ಷ ಓದಿದ ನನಗೆ ಹೊಳೆಯದ್ದು ಆಯಾಗೆ ಹೊಳೆದಿತ್ತು. ಸ್ವಲ್ಪ ಸಿಟ್ಟು ಬಂತು. ಮಂಗಳವಾರ ಬಸ್ಸು ಹತ್ತಿದೆವು.

ಅಂಗಡಿ ಎಂದರೆ ಒಂದು ಕಟ್ಟೆ, ಹಿಂದೆ ಗೋಡೆಯ ತುಂಬ ಬಳೆಗಳ ಸಾಲು. ನಮ್ಮನ್ನು ನೋಡಿ ಆಕೆಯ ಮುಖ ಗಂಟಾಯಿತು. “ದವಾಖಾನಿ ಮಾತಿದ್ರ ನಡೀರಿ,” ಎಂದಳು.

“ಬಳಿ ಬೇಕಾಗ್ಯಾವು,” ಎಂದು ನಾನು ಕೈ ಚಾಚಿದೆ.

ಗಿರಾಕಿ ಎಂದಮೇಲೆ ಆಕೆ ಬೇರೆಯೇ ಹೆಂಗಸು. ಚಾಪೆ ಹಾಸಿ ಕೂಡಿಸಿದಳು, ನೀರು ಕೊಟ್ಟಳು. ನನ್ನ ಕೈ ಹಿಡಿದು ಬೆರಳ ಬುಡದ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. “ಗಂಡಸರ ಕೈ ಆಗೈತಿ. ಗಟ್ಟಿ,” ಎಂದಳು. ಹಸಿರು ಗಾಜಿನ ಒಂದು ಡಜನ್ ತೆಗೆದಳು. ಅಳತೆ ನೋಡಿ ನನಗೆ ಗಾಬರಿಯಾಯಿತು. ಆ ಬಳೆಯಲ್ಲಿ ನನ್ನ ನಾಲ್ಕು ಬೆರಳೂ ಹೋಗುವ ಹಾಗೆ ಕಾಣಲಿಲ್ಲ.

“ದೊಡ್ಡವು ಕೊಡ್ರಿ,” ಎಂದೆ.

“ದೊಡ್ಡವು ಜೋತಾಡತಾವು. ಸುಮ್ನ ಕುಂಡ್ರಿ.”

ನನ್ನ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿಸಿದಳು. ಬಳೆಯನ್ನು ಬೆರಳುಗಳ ಮೇಲಿನಿಂದ ಗೆಣ್ಣಿನವರೆಗೆ ತಂದಳು. ಅಲ್ಲಿಯವರೆಗೆ ಮಳೆ, ಬೆಳೆ, ನಮ್ಮ ಬಸ್ಸಿನ ಪ್ರಯಾಣ ಎಂದು ಮೆತ್ತಗೆ ವಿಚಾರಿಸುತ್ತಿದ್ದಳು. ಗೆಣ್ಣಿನ ಹತ್ತಿರ ಬಳೆ ನಿಂತಿತು. ನಾನು ಉಸಿರು ಹಿಡಿದೆ. ಆಗ ಆಕೆ ತಲೆ ಎತ್ತದೆ ಕೇಳಿದಳು.

“ಅಲ್ರಿ ಬಾಯಾರ, ಜಿಲ್ಲಾ ಅಂತ ಬೋರ್ಡ ಹಚ್ಚಿಕೊಂಡು ಕುಂತೀರಿ, ಗದಗಿನ್ಯಾಗ ನಳದಾಗ ನೀರ ಬರಂಗಿಲ್ಲಂತಲ್ಲ? ಹಂಗಾರ ನೀವು ಕೈ ತೊಳಕೊಂಡ ಆಪರೇಷನ್ ಮಾಡ್ತೀರೋ, ಹಂಗ ಮಾಡ್ತೀರೋ?”

ನನ್ನ ಮೈಯಲ್ಲಿ ಬೆಂಕಿ ಹತ್ತಿತು. ನನ್ನ ಕೈ ತೊಳೆಯುವುದರ ಮೇಲೆ ಮಾತು! “ಏನಂತ ತಿಳಕೊಂಡೀರಿ? ದವಾಖಾನಿ ಮ್ಯಾಲ ಎರಡು ನೀರಿನ ಟಾಕಿ ಅದಾವು! ಕುದಿಸಿದ ನೀರು! ಸಾಬೂನ ಹಚ್ಚಿ ಮೊಣಕೈ ತನಕ ಐದ ಮಿನಿಟ ತಿಕ್ಕತೀನಿ. ನಳಾ ವಾರಕ್ಕೊಮ್ಮೆ ಬರಲಿ, ತಿಂಗಳಿಗೊಮ್ಮೆ ಬರಲಿ, ನನ್ನ ದವಾಖಾನ್ಯಾಗ…”

ಟಾಕಿಯ ನೀರು, ಬೋರಿನ ನೀರು, ಟ್ಯಾಂಕರಿನ ನೀರು ಎಲ್ಲ ಆದವು. ಆಕೆ ಆಗಾಗ “ಖರೆ ಏನ್ರಿ?” ಎಂದು ಅನುಮಾನದ ದನಿಯಲ್ಲಿ ಉರುವಲು ಹಾಕುತ್ತಿದ್ದಳು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಆಯಾ ನನ್ನ ಮಗ್ಗುಲಲ್ಲಿ ತಿವಿದಳು. ಕೆಳಗೆ ನೋಡಿದೆ. ಎರಡೂ ಕೈಯಲ್ಲಿ ಆರಾರು ಬಳೆ ಇದ್ದವು. ಒಂದೂ ಒಡೆದಿರಲಿಲ್ಲ, ಒಂದು ಗೆರೆಯೂ ಬಿದ್ದಿರಲಿಲ್ಲ.

“ನೋವಾತೇನ್ರಿ?” ಎಂದಳು ಬಳೆಗಾರ್ತಿ. ಮುಖದಲ್ಲಿ ನಗು ಇರಲಿಲ್ಲ, ಕಣ್ಣಲ್ಲಿತ್ತು.

ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಬಳೆ ಒತ್ತಿದ್ದು ನೆನಪಿಲ್ಲ, ತಿರುವಿದ್ದು ನೆನಪಿಲ್ಲ. ನೆನಪಿದ್ದದ್ದು ಟಾಕಿ ಮಾತ್ರ. ಸಿಹಿ ಮಾತಿನ ಗುಟ್ಟು ಗೊತ್ತಿದ್ದವರು ಅದನ್ನು ಕೇಳಿದೊಡನೆ ಮುಂದೆ ಬರುವ ನೋವಿಗೆ ಕಾಯುತ್ತಾರೆ, ಕಾಯುವ ಮೈ ಬಿಗಿಯುತ್ತದೆ. ಜಗಳಕ್ಕೆ ಬಿದ್ದವನಿಗೆ ಕಾಯಲು ಪುರುಸೊತ್ತು ಇರುವುದಿಲ್ಲ. ಆಯಾಳ ಸುರಕುಂಬಾ ಮಾತಿನಿಂದ ನಾವು ಈಕೆಯ ಮೈಯನ್ನು ಕಾಯುವುದಕ್ಕೆ ಹಚ್ಚಿದ್ದೆವು.

“ನಿಮ್ಮಷ್ಟು ಹದ ನನ್ನ ಕೈಯಾಗ ಇಲ್ಲ,” ಎಂದೆ. ಹೀಗೆ ಹೇಳುವುದು ನನಗೆ ರೂಢಿಯಿಲ್ಲ. “ಆದ್ರೂ ಇನ್ನೊಮ್ಮೆ ಬರ್ರಿ. ಒಂದ ಸಲ.”

ಆಕೆ ಬಹಳ ಹೊತ್ತು ಒಡೆದ ಬಳೆಗಳ ಡಬ್ಬಿ ಕೆದಕುತ್ತ ಕೂತಳು. ಆಮೇಲೆ ಎರಡು ಷರತ್ತು ಹೇಳಿದಳು. ಒಂದು, ಆಯಾ ಅಡಿಗೆ ಮಾತು ಎತ್ತಬಾರದು. ಎರಡು, ಬಳೆ ತೆಗೆಸಬಾರದು. “ನನ್ನ ಬಾಯಿ ಜಲ್ದಿ ತೆರೆಯಂಗಿಲ್ಲ. ನೋವಾದ್ರ ಬಳಿ ಜಾಡಸ್ತೀನಿ. ಸಪ್ಪಳ ಕೇಳಿದ ಕೂಡ್ಲೇ ನೀವು ನಿಂದ್ರಬೇಕು. ಅಲ್ಲಾನ ಮ್ಯಾಲ ಆಣೆ ಹಾಕ್ರಿ.”

ಥಿಯೇಟರಿನಲ್ಲಿ ಬಳೆ ತೆಗೆಸುವುದು ನನ್ನ ಇನ್ನೊಂದು ಕಟ್ಟುನಿಟ್ಟು. ಒಂದು ಕೈಯ ಬಳೆ ಇರಲಿ, ಇನ್ನೊಂದು ಕೈಗೆ ಸೂಜಿ ಹಾಕಬೇಕಾದೀತು ಎಂದು ರಾಜಿಯಾದೆ. ಆಣೆ ಹಾಕಿದೆ.

ಮುಂದಿನ ತಿಂಗಳು ಆಕೆ ಬಂದಳು. ಬಲಗೈಯಲ್ಲಿ ಮೊಣಕೈಯವರೆಗೆ ಬಳೆ. ನನಗೆ ಹೆದರಿಕೆಯಾದದ್ದು ನಿಜ. ಎಷ್ಟೋ ಹೆರಿಗೆ ಮಾಡಿಸಿದ್ದೇನೆ, ಹೊಟ್ಟೆ ಕೊಯ್ದಿದ್ದೇನೆ, ಆದರೆ ಕೆಲಸ ಮಾಡುತ್ತ ಮಾತಾಡಿದವಳಲ್ಲ. ಏನು ಹೇಳಬೇಕೆಂದು ಮೂರು ದಿನದಿಂದ ಯೋಚಿಸಿ ಒಂದೇ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದೆ.

ಬಾಟಲಿ ಆಯಾಳ ಕೆನ್ನೆಯ ಪರೀಕ್ಷೆ ಮುಗಿಸಿ ಕೊಕ್ಕೆಗೆ ಏರಿತು. ನೀರು ಬಿಟ್ಟೆ. ಹೊರಗಿನ ದಾರಿ ತಾನೇ ಬಿಚ್ಚಿಕೊಂಡಿತು. ಓರೆ ಮಸೂರವಾದ್ದರಿಂದ ಹೋಗಬೇಕಾದ ದಾರಿಯನ್ನು ಚಿತ್ರದ ನಡುವೆ ಇಡಬಾರದು, ಕೆಳ ಅಂಚಿನಲ್ಲಿ ಇಡಬೇಕು. ಹಾಗೇ ಇಟ್ಟು ಮೆಲ್ಲಗೆ ಮುಂದೆ ಹೋದೆ. ಒಳಬಾಯಿ ಕಂಡಿತು, ಒಂದು ಮಸಕು ಗೆರೆಯಂತೆ. ಆಕೆಯ ಕಾಲು ಬಿಗಿಯಲು ಶುರುವಾಯಿತು. ಆಕೆಗೆ ಗೊತ್ತಾಗಿತ್ತು. ಆಯಾ ತುಟಿ ಕಚ್ಚಿಕೊಂಡು ಕೂತಿದ್ದಳು.

“ಅಲ್ರಿ,” ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿತು. “ನಿಮ್ಮ ಲಕ್ಷ್ಮೇಶ್ವರ ಅಂದ್ರ, ಶಿರಹಟ್ಟಿ ತಾಲೂಕಿನ್ಯಾಗ ಅದೊಂದು ಹಳ್ಳಿ ಅಲ್ಲೇನ್ರಿ?”

ಆಕೆಯ ತಲೆ ದಿಂಬಿನಿಂದ ಎದ್ದಿತು.

“ಹಳ್ಳಿ? ಯಾವುದ್ರಿ ಹಳ್ಳಿ?” ಒಂದು ಬೆರಳಿನಷ್ಟು ತೆರೆದ ಬಾಯಿಯಿಂದ ಇಡೀ ಪೇಟೆಯೇ ಹೊರಬಿತ್ತು. “ನಮ್ಮ ಬಜಾರದ ಒಂದ ಓಣ್ಯಾಗ ಶಿರಹಟ್ಟಿ ಎರಡ ಸಲ ಕುಂಡ್ರತೈತಿ! ಪ್ಯಾಟಿ ನಮ್ಮದು, ಹತ್ತಿ ನಮ್ಮದು, ಕಾಲೇಜ ನಮ್ಮದು, ಗುಡಿ ನಮ್ಮದು, ದರ್ಗಾ ನಮ್ಮದು! ಕಚೇರಿ ಮಾತ್ರ ಅವರದು! ಒಂದ ಹೊಲದ ಉತಾರ, ಪಹಣಿ ಕಾಗದ ಬೇಕಂದ್ರ ಬಸ್ ಹತ್ತಿ ಶಿರಹಟ್ಟಿಗೆ ಹೋಗಬೇಕು. ಹೋದ್ರ ಸಾಹೇಬ್ರು ಮೀಟಿಂಗಿಗೆ ಗದಗಿಗೆ ಹೋಗ್ಯಾರಂತ!”

ಕಾಲು ಸಡಿಲವಾಗಿತ್ತು. ದುರ್ಬೀನನ್ನು ಕಾಲು ಸುತ್ತು ತಿರುಗಿಸಿದೆ. ಜಾರಲು ಹೊರಟಿತ್ತು. ಅಷ್ಟರಲ್ಲಿ ಝಣ್ ಎಂದು ಬಳೆ ಸದ್ದಾಯಿತು. ಕೈ ಅಲ್ಲೇ ನಿಲ್ಲಿಸಿದೆ.

“ಯಾಕ ನಿಂತ್ರಿ?”

“ಬಳಿ ಸಪ್ಪಳಾತು.”

“ಅದು ನೋವಿಂದಲ್ರಿ, ಸಿಟ್ಟಿಂದು! ನಡೀರಿ ಮುಂದ! ಹಳ್ಳಿ ಅಂತ! ಹಳ್ಳಿ!”

ಇದು ಮೂರು ಸಲ ನಡೆಯಿತು. ಆಕೆ ಕೈ ಬೀಸಿ ಶಿರಹಟ್ಟಿಯನ್ನು ಬೈಯುವುದು, ಬಳೆ ಸದ್ದಾಗುವುದು, ಆಣೆ ಹಾಕಿದ ನಾನು ನಿಲ್ಲುವುದು, ಆಕೆ ನಿಂತದ್ದಕ್ಕೆ ನನ್ನನ್ನು ಬೈಯುವುದು. ಮೂರನೆಯ ಬೈಗುಳದ ನಡುವೆ ಗೆರೆ ತೆರೆದು ನಾನು ಒಳಗಿದ್ದೆ. ಟೀವಿಯ ಮೇಲೆ ಗರ್ಭಕೋಶ ಗುಲಾಬಿ ಬಣ್ಣದ ಒಂದು ಸಣ್ಣ ಕೋಣೆಯಂತೆ ಕಂಡಿತು. ಎಡಗೋಡೆಯ ಮೇಲೆ ಗಂಟು ನೀರಿನಲ್ಲಿ ತಲೆದೂಗುತ್ತಿತ್ತು.

ಕತ್ತರಿ ತೂರಿಸಿದೆ. ಬುಡ ಕತ್ತರಿಸಲು ಶುರು ಮಾಡಿದ ಹೊತ್ತಿಗೇ ಕರೆಂಟು ಹೋಯಿತು. ಯುಪಿಎಸ್ ಕೀಂ ಕೀಂ ಎನ್ನತೊಡಗಿತು. ಟೀವಿ, ದೀಪ ಎರಡೂ ಅದರ ಮೇಲೇ ಇದ್ದವು, ಹತ್ತು ನಿಮಿಷ ತಡೆಯಬಹುದಿತ್ತು. ಆದರೆ ಆ ಸದ್ದಿಗೆ ಬಳೆಗಾರ್ತಿ ಮಾತು ನಿಲ್ಲಿಸಿದಳು. ತೊಡೆ ಮತ್ತೆ ಬಿಗಿಯಿತು. ನನ್ನ ಬಾಯಿಪಾಠ ಮುಗಿದಿತ್ತು. ಎರಡನೆಯ ವಾಕ್ಯ ನನ್ನಲ್ಲಿರಲಿಲ್ಲ.

ಆಗ ಆಯಾ ಬಾಯಿ ತೆರೆದಳು. ನಾನು ಬೆವತೆ, ಎಲ್ಲಿ ಸುರಕುಂಬಾ ತೆಗೆಯುತ್ತಾಳೋ ಎಂದು.

“ಬಿಡ ತಂಗಿ, ಈ ಗದಗಿನವರ ಹಣೆಬರಹನ ಹಂಗ. ನಿಮಗ ಶಿರಹಟ್ಟಿ, ನಮ್ಮ ಬೆಟಗೇರಿಗೆ ಇವರು. ಬರಿಯೋದು ಗದಗ-ಬೆಟಗೇರಿ ಅಂತ ಜೋಡಿಲೆ. ಸ್ಟೇಶನ್ ಗದಗಿಗೆ, ಜಿಲ್ಲಾ ಕಚೇರಿ ಗದಗಿಗೆ. ಸೀರಿ ನೇಯೋದು ನಾವು, ಗದಗಿನ ಸೀರಿ ಅಂತ ಹೆಸರು ಇವರಿಗೆ!”

“ಖರೆ ಏನ್ ಯಕ್ಕಾ?” ಬಳೆಗಾರ್ತಿ ಕತ್ತು ಎತ್ತಿ ನನ್ನ ಕಡೆ ನೋಡಿದಳು. “ಹಿಂಗ ಮಾಡ್ತೀರೇ ಬಾಯಾರ ನೀವು?”

“ನಾ ಏನ ಮಾಡಿದೆ?” ಎಂದೆ. ಇದು ನಾಟಕವಾಗಿರಲಿಲ್ಲ, ನಿಜಕ್ಕೂ ನನಗೆ ನೋವಾಗಿತ್ತು.

“ಜಿಲ್ಲಾ ಮಂಜೂರಾದ ದಿನ ಪೇಢೆ ಹಂಚಿಲ್ಲೇನ್ರಿ ನೀವು? ಬೆಟಗೇರಿಗೆ ಎಷ್ಟ ಕೊಟ್ರಿ?” ಎಂದಳು ಆಯಾ.

ಲಕ್ಷ್ಮೇಶ್ವರ ಮತ್ತು ಬೆಟಗೇರಿ ಎರಡೂ ಒಂದಾಗಿ ನನ್ನ ಮೇಲೆ ಬಿದ್ದವು. ನಾನು ಉತ್ತರ ಕೊಡುತ್ತ, ಕತ್ತರಿಸುತ್ತ, ಕತ್ತರಿ ತೆಗೆದು ಚಿಮಟಿಗೆ ಹಾಕುತ್ತ, ನೀರಿನ ಬಾಟಲಿ ಬದಲಿಸಲು ಸನ್ನೆ ಮಾಡುತ್ತ ಇದ್ದೆ. ಗಂಟು ಚಿಮಟಿಗೆಯಲ್ಲಿ ಬಂತು. ದುರ್ಬೀನಿನ ಜೊತೆಗೇ ಹೊರಗೆ ಎಳೆದೆ. ಮತ್ತೊಮ್ಮೆ ಒಳಗೆ ಹೋಗಿ ನೋಡಿದೆ, ಗೋಡೆ ನುಣ್ಣಗಿತ್ತು, ರಕ್ತವಿಲ್ಲ. ಹೊರಗೆ ಬಂದೆ. ಇಬ್ಬರೂ ಇನ್ನೂ ಜಿಲ್ಲಾ ಪಂಚಾಯಿತಿಯಲ್ಲಿದ್ದರು.

“ಮುಗೀತು,” ಎಂದೆ.

“ಏನ್ ಮುಗೀತು? ಇನ್ನೂ ನಾ ತಹಶೀಲ್ದಾರ ಕಚೇರಿ ಸುದ್ದಿ ಹೇಳಿಲ್ಲ…”

ಗಾಜಿನ ಬಾಟಲಿಯಲ್ಲಿ ಗಂಟನ್ನು ಹಾಕಿ ಆಕೆಯ ಕಣ್ಣ ಮುಂದೆ ಹಿಡಿದೆ. ಆಕೆ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಬಳೆಯ ಕೈಯಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಣಿಯುವ ಹಾಗೆ ನಕ್ಕಳು. “ನನ್ನ ಬಳಿ ನನಗ ಇಟ್ರಲ್ರಿ ಬಾಯಾರ!” ಎಂದಳು. ನಗುತ್ತಲೇ ಅಳತೊಡಗಿದಳು. ಆಯಾ ಆಕೆಯ ತಲೆಯನ್ನು ಎದೆಗೆ ಒತ್ತಿಕೊಂಡಳು. ನನಗೂ ಕಣ್ಣು ತುಂಬಿತು. ಕೈಗವಸು ಇದ್ದದ್ದರಿಂದ ಒರೆಸಿಕೊಳ್ಳಲಾಗಲಿಲ್ಲ, ಹಾಗೇ ನಿಂತೆ.

ಹೋಗುವಾಗ ಆಕೆ ಆಯಾಗೆ ಹೇಳಿದಳು, “ಷರತ್ತು ಮುರದಿ ಯಕ್ಕಾ, ಮಾತಾಡಬ್ಯಾಡ ಅಂದಿದ್ದೆ.”

“ಅಡಗಿ ಮಾತು ಬ್ಯಾಡ ಅಂದಿದ್ದಿ. ನಾ ಅಡಗಿ ಎಲ್ಲಿ ತಗದೆ?” ಎಂದಳು ಆಯಾ.

ಪಾಲಿಪ್ ತೆಗೆದವರಿಗೆಲ್ಲ ಮಕ್ಕಳಾಗುತ್ತವೆಂದಿಲ್ಲ. ಅದನ್ನು ಆಕೆಗೆ ಮೊದಲೇ ಹೇಳಿದ್ದೆ. ಪರೀಕ್ಷೆಗೆ ಕಳಿಸಿದ ಗಂಟಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಐದು ತಿಂಗಳು ಏನೂ ಸುದ್ದಿ ಇರಲಿಲ್ಲ, ನಾನೂ ಆಸೆ ಬಿಟ್ಟಿದ್ದೆ. ಆರನೆಯ ತಿಂಗಳು ಗಂಡ ಫೋನು ಮಾಡಿದ. ಈ ಸಲ ಬೂತಿನ ಬಸ್ಸುಗಳ ಸದ್ದಿನ ಮೇಲೆ ಅವನ ದನಿಯೇ ದೊಡ್ಡದಾಗಿತ್ತು. “ಮೇಡಂ, ತೊಟ್ಲಾ ವಾಪಸ್ ತರಾಕ ಆಕಿ ತಂಗಿ ಮನಿಗೆ ಹೊಂಟೀನ್ರಿ” ಎಂದ. ಹೆರಿಗೆ ಲಕ್ಷ್ಮೇಶ್ವರದಲ್ಲಿಯೇ, ತಾನಾಗಿಯೇ ಆಯಿತು. ನನ್ನ ಕೈ ಬೇಕಾಗಲಿಲ್ಲ.

‘ಮಾತು ಬೇಡ’ ಬೋರ್ಡನ್ನು ಆಯಾ ಒಂದು ದಿನ ನನ್ನನ್ನು ಕೇಳದೆ ತೆಗೆದು, ಬಿಸಿನೀರಿನ ಬಕೆಟ್ಟಿಗೆ ಮುಚ್ಚಳ ಮಾಡಿದಳು. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಸಿಹಿ ಮಾತಿಗೆ ಒಲಿಯುವವರಿಗೆ ಆಯಾ, ಒಲಿಯದವರಿಗೆ ನಾನು ಎಂದು ಪಾಳಿ ಹಚ್ಚಿಕೊಂಡೆವು. ಲಕ್ಷ್ಮೇಶ್ವರದ ಕಡೆಯ ಹೆಂಗಸರಿಗೆ ಮಾತ್ರ ಕಣ್ಣು ಮುಚ್ಚಿಕೊಂಡು ಶಿರಹಟ್ಟಿ ತಾಲೂಕನ್ನೇ ಕೊಡುತ್ತಿದ್ದೆ. ಒಮ್ಮೆಯೂ ಕೈ ಕೊಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಲಕ್ಷ್ಮೇಶ್ವರ ತಾಲೂಕಾಯಿತು. ಊರವರು ಕುಣಿದಾಡಿದರು. ನನ್ನ ಒಂದು ಒಳ್ಳೆಯ ಔಷಧ ಅಂದಿಗೆ ಮುಗಿಯಿತು. ಆ ವರ್ಷವೇ ಒಂದು ಮದುವೆಗೆಂದು ಅಲ್ಲಿಗೆ ಹೋದಾಗ, ಆಯಾ ಹಟ ಮಾಡಿ ಬಳೆ ಅಂಗಡಿಗೆ ಕರೆದೊಯ್ದಳು. ಆಯಾಳ ತಲೆ ನರೆತಿತ್ತು, ನನ್ನದೂ. ಬಳೆಗಾರ್ತಿ ಗೋಡೆಗೆ ಒರಗಿ ಕೂತಿದ್ದಳು, ಎದ್ದು ಬರಲಿಲ್ಲ. “ನಾ ಈಗ ಇಡಂಗಿಲ್ರಿ. ನನ್ನ ಮಗಳ ಕೈ ನೋಡ್ರಿ,” ಎಂದಳು.

ಎರಡು ಜಡೆ ಹಾಕಿಕೊಂಡ ಹುಡುಗಿ ಮುಂದೆ ಬಂದು ನನ್ನ ಕೈ ಹಿಡಿದಳು. ಗೆಣ್ಣು ಒತ್ತಿ ನೋಡಿದಳು. ಹಸಿರು ಡಜನ್ ತೆಗೆದಳು, ಅದೇ ಸಣ್ಣ ಅಳತೆ. ಕಾಲೇಜು, ಪರೀಕ್ಷೆ ಎಂದು ಮೆತ್ತಗೆ ಮಾತಾಡುತ್ತ ಬಳೆಯನ್ನು ಗೆಣ್ಣಿನವರೆಗೆ ತಂದಳು. ನನಗೆ ನಗು ಬಂತು. ಇನ್ನೇನು ಬರುತ್ತದೆಂದು ನನಗೆ ಗೊತ್ತಿತ್ತು. ನಳದ ಮಾತು ಎತ್ತಿದರೆ ಸುಮ್ಮನಿರಬೇಕೆಂದು ನಿಶ್ಚಯ ಮಾಡಿಕೊಂಡೆ.

“ಆಂಟಿ,” ಎಂದಳು ಹುಡುಗಿ, ತಲೆ ಎತ್ತದೆ. “ತಾಲೂಕಂತೂ ಆತು. ಇನ್ನ ಜಿಲ್ಲಾ ಕಚೇರಿನೂ ಗದಗಿನಿಂದ ಇಲ್ಲಿಗೇ ತರ್ತಾರಂತ, ಹೌದೇನ್ರಿ?”

“ಯಾರ ಹೇಳಿದ್ರು ನಿನಗ?” ಎಂದೆ. “ಜಿಲ್ಲಾ ಅಂದ್ರ ಏನಂತ ತಿಳಕೊಂಡಿ? ರೈಲು ಎಲ್ಲಿ ನಿಂದ್ರತೈತಿ? ಕೋರ್ಟ ಎಲ್ಲೈತಿ? ಇಡೀ ಜಿಲ್ಲಾಕ್ಕ ಒಂದ…”

ಆಯಾ ಮಗ್ಗುಲಲ್ಲಿ ತಿವಿದಳು. ಕೆಳಗೆ ನೋಡಿದೆ. ಹನ್ನೆರಡೂ ಬಳೆ ಏರಿದ್ದವು.